ಕೈಯನ್ನು ಮುಟ್ಟಿರಲಿಲ್ಲ

ಬೆಕಾ ಕಣಿವೆಯ ಜಾಹ್ಲೆಯಲ್ಲಿ, ಹೊಳೆಗಿಳಿಯುವ ಬೀದಿಯಲ್ಲಿ
ನಲವತ್ತು ವರ್ಷ ನಾನು ಮುಖ ರಿಪೇರಿ ಮಾಡಿದೆ.
ವಾಹ್ರಾಮ್ ಸ್ಟುಡಿಯೋ. ಒಂದು ಕುರ್ಚಿ, ಒಂದು ಪರದೆ,
ಪರದೆಯ ಮೇಲೆ ಯಾರೂ ಕಂಡಿರದ ಸರೋವರ.

ಶಲ್‌ಹೂಬ್ ಮನೆಯವರು ಬಂದರೆ ಚೂರಿ ಮಸೆಯುತ್ತಿದ್ದೆ.
ಕಣ್ಣರೆಪ್ಪೆಯ ಒಳಮೂಲೆಯಲ್ಲಿ ದೊಡ್ಡವರಿಗೆಲ್ಲ
ಕಡಲೆಬೇಳೆಯಷ್ಟು ಹಳದಿ ಗಂಟು.
"ಈ ಮನೆತನದ ಚಿನ್ನ" ಎಂದು ನಗುತ್ತಿದ್ದಳು ಸೊಸೆಯಾಗಿ ಬಂದ ವರ್ದೆ;
ಆಮೇಲೆ ಮೆಲ್ಲಗೆ, "ಫೋಟೋದಲ್ಲಿ ಮಾತ್ರ ಬೇಡಪ್ಪ."
ನೆಗೆಟಿವ್‌ನಲ್ಲಿ ಅದು ಕಪ್ಪು ಚುಕ್ಕೆ.
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ
ಕೆರೆದು, ಉಫ್ ಎಂದು ಊದಿಬಿಡುತ್ತಿದ್ದೆ.

ಆ ಮನೆಯ ಗಂಡಸರು ನಲವತ್ತೈದು ದಾಟುತ್ತಿರಲಿಲ್ಲ.
ಒಬ್ಬ ದ್ರಾಕ್ಷಿ ಬುಟ್ಟಿ ಹೊತ್ತು ದಿಬ್ಬ ಏರುವಾಗ,
ಒಬ್ಬ ತಂಗಿಯ ಮದುವೆಯ ಕುಣಿತದ ನಡುವೆ,
ಇನ್ನೊಬ್ಬ ಸುಮ್ಮನೆ, ಬೂಟಿನ ದಾರ ಕಟ್ಟುತ್ತ.
ದೃಷ್ಟಿ ತಾಗಿತು ಅಂದರು. ಬಾಗಿಲಿಗೆ ನೀಲಿ ಮಣಿ ಕಟ್ಟಿದರು.
ಗೋಡೆಗೆ ಫೋಟೋ ದೊಡ್ಡದು ಮಾಡಿಕೊಟ್ಟವನು ನಾನೇ;
ದುಡ್ಡೂ ತಗೊಂಡೆ.

ಡಾಕ್ಟರ್ ಜುಮಾನಾ ಬಂದದ್ದು ಫೋಟೋ ತೆಗೆಸಲಿಕ್ಕಲ್ಲ.
ಹನ್ನೊಂದರ ಹುಡುಗಿ ನಜ್ಲಾಳ ರಕ್ತದಲ್ಲಿ
ಕೊಲೆಸ್ಟ್ರಾಲ್ ಮುನ್ನೂರ ತೊಂಬತ್ತು.
"ತಿಂದದ್ದರಿಂದ ಬಂದದ್ದಲ್ಲ ಇದು, ಹುಟ್ಟಿನಿಂದ.
ಹಿಂದಿನವರನ್ನು ನೋಡಬೇಕು."
ಹಿಂದಿನವರು ಇದ್ದದ್ದು ನನ್ನ ತಗಡಿನ ಡಬ್ಬಗಳಲ್ಲಿ.

ಬೆಳಕಿಗೆ ಹಿಡಿದು ನೋಡಿದಳು:
ನುಣ್ಣನೆಯ ಕಣ್ಣು, ನುಣ್ಣನೆಯ ಕಣ್ಣು.
ಅಷ್ಟು ಚೆನ್ನಾಗಿತ್ತು ನನ್ನ ಕಸುಬು.
ನಾಲಿಗೆ ಒಣಗಿತು.
ಆಗ ಅವಳ ಬೆರಳು ಕೆಳಗಿಳಿಯಿತು,
ಕುರ್ಚಿಯ ತೋಳಿನ ಮೇಲೆ ಊರಿದ ಕೈಗಳಿಗೆ.
ಗೆಣ್ಣು ಗೆಣ್ಣಿನ ಮೇಲೂ ಗಂಟು:
ಅಜ್ಜನಿಗೆ, ದೊಡ್ಡಪ್ಪನಿಗೆ, ಸೋದರತ್ತೆಗೆ.
ಕೈ ಚಂದ ಮಾಡು ಎಂದು ಯಾರು ದುಡ್ಡು ಕೊಡುತ್ತಾರೆ?
ಕೈಯನ್ನು ನಾನು ಮುಟ್ಟಿರಲಿಲ್ಲ.

ಭಾನುವಾರ ಇಡೀ ಮನೆ ಸಾಲಾಗಿ ಕೂತಿತು,
ಚರ್ಚಿನಿಂದ ನೇರ, ಖಾಲಿ ಹೊಟ್ಟೆಯಲ್ಲಿ.
ನರ್ಸು ತೋಳಿಗೆ ರಬ್ಬರು ಬಿಗಿದು ಹೇಳಿದಳು
ನನ್ನದೇ ಮಾತು: "ಅಲುಗಾಡಬೇಡಿ."
ಹದಿನಾಲ್ಕು ಸೀಸೆ. ಆರರ ಮೇಲೆ ಕೆಂಪು ಗೆರೆ.
ನಜ್ಲಾಳ ತಮ್ಮ ಫಾರಿಸನಿಗೆ ಏನೂ ಇಲ್ಲವೆಂದಾಗ
ಅಕ್ಕನಿಗೆ ಮಾತ್ರೆ, ತನಗಿಲ್ಲ ಎಂದು ಅತ್ತ.

ನಿನ್ನೆ ಅವರಪ್ಪ ತೌಫೀಕ್ ಬಂದ, ಪಾಸ್‌ಪೋರ್ಟ್ ಫೋಟೋಗೆ.
ನಲವತ್ತೊಂದು ವಯಸ್ಸು. ಜೇಬಿನಲ್ಲಿ ಮಾತ್ರೆಯ ಸದ್ದು.
ಜೊತೆಗಿದ್ದ ವರ್ದೆ, ಅಭ್ಯಾಸಬಲ,
ತನ್ನ ರೆಪ್ಪೆ ಮುಟ್ಟಿ ನನಗೆ ಸನ್ನೆ ಮಾಡಿದಳು.

ಚೂರಿ ಎಲ್ಲೋ ಕಳೆದಿದೆ ಅಂದೆ.
ಅದು ನನ್ನ ಕಿಸೆಯಲ್ಲೇ ಇತ್ತು.