ಹನ್ನೆರಡರ ಗೆರೆ

ನಾಲ್ಕೇ ದಿನಕ್ಕೆ ಸಿಲಿಂಡರು ಬರಿದಾಯಿತು.
ಚನ್ನಾಚಾರಿ ಬೈಯಲಿಲ್ಲ.
ಬಳಪ ತೆಗೆದು ಶೆಡ್ಡಿನ ತಗಡಿನ ಮೇಲೆ
ಅದರ ಬೆಲೆ ಬರೆದ,
ಕೆಳಗೆ ನಾನು ಬೆಸೆದ ಇಂಚುಗಳನ್ನು ಬರೆದ,
ನಡುವೆ ಭಾಗಾಕಾರದ ಗೆರೆ ಎಳೆದು
ಟೀ ಕುಡಿಯಲು ಹನಕೆರೆ ಗೇಟಿನ ಕಡೆ ನಡೆದ.
ಉತ್ತರ ನಾನು ಬರೆಯಬೇಕಿತ್ತು.
ಬರೆಯಲಿಲ್ಲ.

ಮೊದಲ ದಿನವೇ ನನ್ನ ಬೆಸುಗೆಯಲ್ಲಿ ತೂತು,
ಹುಳ ಕೊರೆದ ಅವರೆಕಾಯಿಯ ಹಾಗೆ.
ಗಾಳಿ ನುಗ್ಗಿದೆ ಎಂದರು.
ಗಾಳಿ ನುಗ್ಗಿದರೆ ಗ್ಯಾಸ್ ಹೆಚ್ಚು ಬಿಡಬೇಕು ತಾನೆ?
ಹದಿನೈದಕ್ಕೆ ತಿರುಗಿಸಿದೆ: ತೂತು.
ಇಪ್ಪತ್ತಕ್ಕೆ: ತೂತು.
ಇಪ್ಪತ್ತೆಂಟಕ್ಕೆ ಗಾಜಿನ ಕೊಳವೆಯೊಳಗಿನ ಪುಟ್ಟ ಗುಂಡು
ಮೇಲಿನ ಮುಚ್ಚಳಕ್ಕೆ ತಲೆ ಬಡಿದುಕೊಂಡು ನಡುಗುತ್ತಿತ್ತು,
ತೂತು ಇನ್ನೂ ದೊಡ್ಡದಾಯಿತು.
ಸೆಕೆ ತಾಳದೆ ಪಕ್ಕದಲ್ಲಿ ಇಟ್ಟುಕೊಂಡ ಟೇಬಲ್ ಫ್ಯಾನು
ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸಿ
ಅಲ್ಲ, ಅಲ್ಲ, ಎನ್ನುತ್ತಲೇ ಇತ್ತು.

ಎರಡನೆಯ ಸಿಲಿಂಡರು ಬಂದ ಮಾರನೆಯ ದಿನ
ಅಪ್ಪ ಬುತ್ತಿ ತಂದ.
ಮೂವತ್ತೊಂದು ವರ್ಷ ನಾಲೆಯ ನೀರುಗಂಟಿ;
ಹೆಗಲ ಮೇಲೆ ಸನಿಕೆ ಇಲ್ಲದೆ ನಿಂತರೆ
ಏನೋ ಮರೆತು ಬಂದವನಂತೆ ಕಾಣುತ್ತಾನೆ.
ಬೆಳಕು ನೋಡಬೇಡ ಎಂದೆ.
ಬೆನ್ನು ತಿರುಗಿಸಿ ನಿಂತು, ಕಿವಿ ಮಾತ್ರ ಕೊಟ್ಟ.
ನಾನು ಗುಂಡಿ ಬಿಟ್ಟೆ, ಮುಸುಕು ಎತ್ತಿದೆ.
“ಎಲ್ಲೋ ಸೋರ್ತಾ ಅದೆ ಕಣವ್ವ.”
“ಏನು?”
“ಅದೇನು ಬಿಡ್ತಿದ್ದೀಯೋ ಅದು.”

ಇಮ್ದಾದ್ ಬಾಂಡ್ಲಿಯಲ್ಲಿ ಸೋಪಿನ ನೀರು ಕದಡಿ ತಂದ.
ಹಳೆಯ ಬ್ರಷ್ಷಿನಲ್ಲಿ ಕೀಲುಕೀಲಿಗೂ ಬಳಿದೆವು.
ರೆಗ್ಯುಲೇಟರಿನ ಕುತ್ತಿಗೆಯಲ್ಲಿ ಏನೂ ಇಲ್ಲ.
ಪೈಪು ಮಿಷನ್ನಿಗೆ ಸೇರುವಲ್ಲಿ, ಕ್ಲಿಪ್ಪಿನ ಅಡಿಯಲ್ಲಿ,
ಒಂದು ಗುಳ್ಳೆ ಉಬ್ಬಿತು, ಒಡೆಯಿತು.
ಇನ್ನೊಂದು ಉಬ್ಬಿತು.
ಅಪ್ಪ ಬಗ್ಗಿ ನೋಡಿ, ಹಳೆಯ ಪರಿಚಯದವರನ್ನು ಕಂಡಂತೆ ನಕ್ಕ:
“ಏಡಿ ಬಿಲ. ಏರಿ ಒಡೆಯೋದೂ ಹಿಂಗೇಯ.”

ನಾಲ್ಕು ರಾತ್ರಿ ನಾನು
ಸಿಲಿಂಡರಿನ ತಲೆ ತಿರುಗಿಸದೆ ಮನೆಗೆ ಹೋಗಿದ್ದೆ.
ನಾನು ಉಂಡು ಮಲಗಿದಾಗ
ಇಲ್ಲಿ ಕತ್ತಲಲ್ಲಿ ಅದು ಉಸಿರು ಬಿಡುತ್ತಿತ್ತು,
ಯಾವ ಕಬ್ಬಿಣಕ್ಕೂ ಅಲ್ಲದೆ.

ಗುಂಡು ಇನ್ನೂ ಇಪ್ಪತ್ತೆಂಟರಲ್ಲಿ ನಡುಗುತ್ತಿತ್ತು.
ಗ್ಯಾಸ್ ಎಂದರೇನೆಂದು ಅಪ್ಪನಿಗೆ ತಿಳಿಯದು.
“ತೂಬು ಪೂರ್ತಿ ಎತ್ತಿದ್ರೆ ಗದ್ದೆಗೆ ನೀರು ಹತ್ತುತ್ತೆ ಅಂದ್ಕಂಡಿದ್ದೀಯಾ?
ಸುಳಿ ಎದ್ದು, ಬದ ಕೊರ್ಕಂಡು,
ಬ್ಯಾಡದ್ದನ್ನೆಲ್ಲ ಒಳಕ್ಕೆ ಎಳ್ಕಂಡು ಹೋಯ್ತದೆ.
ನಾಕು ಬೆರಳು ಎತ್ತು.
ನೀರು ಬಂದದ್ದು ಪೈರಿಗೆ ಗೊತ್ತಾಗ್ಬೇಕು,
ಕಿವಿಗೆ ಗೊತ್ತಾಗ್ಬಾರ್ದು.”

ಕ್ಲಿಪ್ಪು ಬಿಗಿ ಮಾಡಿದೆ.
ಫ್ಯಾನು ಆರಿಸಿದೆ. ಬೆವರು ಕಣ್ಣಿಗೆ ಇಳಿಯಿತು, ಇಳಿಯಲಿ.
ರಸ್ತೆಯ ಕಡೆಗೆ ಎರಡು ಗೋಣಿಚೀಲ ಇಳಿಬಿಟ್ಟೆ.
ನಳಿಗೆಯ ಬಾಯಿಗೆ ಮೆತ್ತಿದ್ದ ಕಿಡಿಗಳ ಹಕ್ಕಳೆ ಕೆರೆದೆ.
ಗುಂಡನ್ನು ಮೆಲ್ಲನೆ ಇಳಿಸಿ, ಹನ್ನೆರಡಕ್ಕೆ ನಿಲ್ಲಿಸಿದೆ.
ಕಬ್ಬಿನ ಟ್ರೇಲರಿನ ಮುರಿದ ಬಾಗಿಲ ಹತ್ತಿರ ಹತ್ತಿರ ಬಗ್ಗಿ,
ಕಿವಿಯಲ್ಲಿ ಪಿಸುಗುಡುವಷ್ಟು ಹತ್ತಿರ,
ಗುಂಡಿ ಒತ್ತಿದೆ.

ಬೆಸುಗೆ ನೀಟಾಗಿ ಬಂತೆಂದು ಹೇಳಿದರೆ ಸುಳ್ಳು.
ಹಾವು ಹರಿದಂತೆ ಸೊಟ್ಟ.
ಆದರೆ ಒಳಗೆ ತೂತಿಲ್ಲ,
ಕೊನೆಯಲ್ಲೊಂದನ್ನು ಬಿಟ್ಟು:
ಖುಷಿಯಲ್ಲಿ ಕೈಯನ್ನು ಬೇಗ ಎತ್ತಿಬಿಟ್ಟಿದ್ದೆ,
ಕೆಂಪಾರದ ಕಬ್ಬಿಣವನ್ನು ಬರಿಮೈಯಲ್ಲಿ ಬಿಟ್ಟು.

ಚನ್ನಾಚಾರಿ ಬಂದು ಆ ಒಂದು ತೂತನ್ನೇ ನೋಡಿದ.
ಬಳಪದಿಂದ ಗಾಜಿನ ಮೇಲೆ
ಹನ್ನೆರಡರ ಎದುರು ಒಂದು ಗೆರೆ ಎಳೆದ.
ಅಷ್ಟೇ ಸಂಬಳ ಆವತ್ತು.

ಆ ಸಿಲಿಂಡರು ಹತ್ತೊಂಬತ್ತು ದಿನ ಬಂತು.
ತಗಡಿನ ಮೇಲಿನ ಹಳೆಯ ಲೆಕ್ಕ ಇನ್ನೂ ಉತ್ತರವಿಲ್ಲದೆ ಇದೆ;
ಯಾರೂ ಒರೆಸಿಲ್ಲ.

ರಾತ್ರಿ, ದೀಪ ಆರಿಸಿದ ಮೇಲೆ,
ನಡುಮನೆಯಿಂದ ಅಪ್ಪ ಕೇಳುತ್ತಾನೆ,
“ಮುಚ್ಚಿದ್ಯಾ?”
ಅವ್ವ ತೂಬಿನ ಬಗ್ಗೆ ಅವನನ್ನು ಕೇಳುತ್ತಿದ್ದ ದನಿಯಲ್ಲೇ.
ಮುಚ್ಚಿದೆ, ಅನ್ನುತ್ತೇನೆ.
ಆದರೂ ಸ್ವಲ್ಪ ಹೊತ್ತು
ಇಬ್ಬರೂ ಕಿವಿಗೊಟ್ಟು ಮಲಗಿರುತ್ತೇವೆ.