ಕೊಂಡು ತಂದ ನಮ್ಮದೇ ಕೇಬಲ್ಲು

ಬೆಳಿಗ್ಗೆ ಬಂದು ನೋಡಿದರೆ
ಮಷೀನಿತ್ತು, ಕೇಬಲ್ಲಿರಲಿಲ್ಲ.
ಮಷೀನೆತ್ತಲು ಮೂವರು ಬೇಕು,
ಕೇಬಲ್ಲು ಒಬ್ಬನ ಹೆಗಲಿಗೆ ಹಾರ.
ಸುಆಮೆಯ ಕಳ್ಳರಿಗೆ ಭಾರದ ಲೆಕ್ಕ ಚೆನ್ನಾಗಿ ಗೊತ್ತು.

ತಾವಿಯಾ ಅತ್ತ. ಬೀಗ ಹಾಕಿದವನು ಅವನೇ.
ನಾನು ಅಳಲಿಲ್ಲ.
ರಾತ್ರಿ ಕದ್ದ ತಾಮ್ರ ಬೆಳಿಗ್ಗೆ ಎಲ್ಲಿ ಕಣ್ಣು ಬಿಡುತ್ತದೆಂದು
ಕುಮಾಸಿಯ ನಾಯಿಗಳಿಗೂ ಗೊತ್ತು.

ಇದ್ದ್ರಿಸುವಿನ ತಕ್ಕಡಿಯ ಬುಡದಲ್ಲಿ
ಬಿದ್ದಿತ್ತು ನಾಲ್ಕು ತುಂಡಾಗಿ,
ಇನ್ನೂ ಸಿಪ್ಪೆ ಸುಟ್ಟಿರಲಿಲ್ಲ, ಪುಣ್ಯ.
ಕೆಂಪು ರಬ್ಬರಿನ ಮೇಲೆ ಆ ಸುಟ್ಟ ಕಲೆ,
ಹೋದ ವರ್ಷ ಟ್ರೋಟ್ರೋ ಒಂದರ ಚಾಸಿ ಬೆಸೆವಾಗ
ಕಾದ ಕಬ್ಬಿಣ ಬಿದ್ದು ಆದದ್ದು.
“ಇದು ನನ್ನದು” ಅಂದೆ.
“ತಾಮ್ರ ಯಾರದೂ ಅಲ್ಲಕ್ಕ,
ತೂಗಿಸಿಕೊಂಡವರದು” ಅಂದ,
ಬಾಯೊಳಗಿನ ಕೆಂಕೆ ನುಂಗುತ್ತ.

ಹನ್ನೊಂದು ಕಿಲೋ.
ಹೊಸದರ ಕಾಲು ಬೆಲೆಗೆ
ನನ್ನದನ್ನೇ ನಾನು ಕೊಂಡೆ,
ಕಳ್ಳನ ಕೂಲಿಯೂ ಸೇರಿ.

ನಾಲ್ಕು ತುಂಡಿಗೆ ಮೂರು ಗಂಟು.
ಮೊಳದುದ್ದದ ಮೋಟು ತುಂಡನ್ನು ಪಕ್ಕಕ್ಕಿಟ್ಟೆ:
ಗಂಟು ಕಡಿಮೆಯಾದಷ್ಟೂ ನಿದ್ದೆ ಹೆಚ್ಚು.
ಕೇಬಲ್ಲು ಗಿಡ್ಡವಾದರೆ
ಗಾಡಿಗಳೇ ಹತ್ತಿರ ಬರಲಿ.
ಉಳಿದವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದು ಹೋಲ್ಡರಿನ ಕಡೆಗೆ.
ಹಿಡಿದ ಕೈಗೂ ಗಂಟಿಗೂ ನಡುವೆ
ಎರಡಾಳು ಮಲಗುವಷ್ಟು ದೂರ ಇರಲೇಬೇಕು.

ನನ್ನ ಗುರು ಬಾಫೋರ್
ಎಳೆಗೆ ಎಳೆ ಬತ್ತಿಯಂತೆ ಹೊಸೆದು
ಕರಿ ಟೇಪು ಸುತ್ತಿ “ಆಯ್ತು” ಅನ್ನುತ್ತಿದ್ದ.
ಲಾರಿಯಡಿ ಅಂಗಾತ ಮಲಗಿದ್ದೆ,
ಆ ಬತ್ತಿ ಒಳಗೊಳಗೇ ಕಾದು, ಟೇಪು ಕರಗಿ,
ಒಂದು ದಿನ ನನ್ನ ಕಾಲಿಗೆ ಮುತ್ತಿಟ್ಟಿತು.
ಗುರುವನ್ನು ದೂರಬಾರದು, ನಾನು ದೂರುವುದಿಲ್ಲ.
ಮೀನಖಂಡ ದೂರುತ್ತದೆ, ಇವತ್ತಿಗೂ.

ಆದ್ದರಿಂದ, ತಾವಿಯಾ, ಮೂಗೊರೆಸಿಕೊ,
ತಂತಿ ಬ್ರಷ್ಷು ತಗೋ,
ಹೊಸ ನಾಣ್ಯದ ಬಣ್ಣ ಬರುವ ತನಕ ಎಳೆಗಳನ್ನು ಉಜ್ಜು.
ಹಳೇ ಏಸಿಯ ತಾಮ್ರದ ಕೊಳವೆ, ಹೆಬ್ಬೆರಳುದ್ದ,
ಈ ಕಡೆಯಿಂದ ಒಂದು ತುದಿ, ಆ ಕಡೆಯಿಂದ ಒಂದು,
ಒಳಗೆ ಮೂತಿಗೆ ಮೂತಿ ತಾಗಲಿ.
ಸುತ್ತಿಗೆ ಬೇಡ. ಪಕ್ಕದ ಮನು ಹತ್ತಿರ
ಹೈಡ್ರಾಲಿಕ್ ಇಕ್ಕಳ ಇದೆ, ಬಾಡಿಗೆ ಎರಡು ಬಾಟಲಿ ಮಾಲ್ಟಾ.
ಒತ್ತು. ತಿರುಗಿಸಿ ಒತ್ತು.
ಈಗ ನೀನೊಂದು ತುದಿ, ನಾನೊಂದು ತುದಿ
ಹಗ್ಗಜಗ್ಗಾಟ. ಎಳಿ!
ಬರಲಿಲ್ಲವಲ್ಲ. ಒಳ್ಳೇದು.

ಮೇಲಿನ ತೋಳು ಎಲ್ಲಿ?
ಬಿಸಿಗೆ ಕುಗ್ಗುವ ಆ ತೋಳನ್ನು
ಮೊದಲೇ ತೊಡಿಸಬೇಕಿತ್ತು ಮಾರಾಯ!
ಕೈ ಕೂಡಿಸಿ ಕಟ್ಟಿದ ಮೇಲೆ
ಅಂಗಿ ತೊಡಿಸುವುದು ಹೇಗೆ?
ಆ ಗಂಟು ಕತ್ತರಿಸಿದೆವು. ಇನ್ನೆರಡು ಬೆರಳು ತಾಮ್ರ ಹೋಯಿತು.
ಎಲ್ಲದರಲ್ಲೂ ಜಿಪುಣಿ ನಾನು, ಕೊಳವೆ ಗುಜರಿ,
ಇಕ್ಕಳ ಎರವಲು, ಕೇಬಲ್ಲು ಕಳವು,
ತೋಳು ಮಾತ್ರ ಅಂಗಡಿಯದು, ಹೊಚ್ಚ ಹೊಸದು.
ಗಂಟು ಮುಚ್ಚುವ ಬಟ್ಟೆಗೆ ಚೌಕಾಸಿ ಮಾಡಿದರೆ
ಮೈ ಮುಚ್ಚುವ ಬಟ್ಟೆಗೆ ಬೆಂಕಿ.

ಮಧ್ಯಾಹ್ನ ಎರಡು ತಾಸು ಬಿಡದೆ ಬೆಸೆದು
ಮಷೀನು ಆರಿಸಿ
ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ
ಹಿಂಗೈಯಿಂದ ಗಂಟು ಮುಟ್ಟಿದೆ.
ಒಂದು, ಉಳಿದ ಕೇಬಲ್ಲಿನಷ್ಟೇ ಬೆಚ್ಚಗೆ.
ಇನ್ನೊಂದೂ ಅಷ್ಟೇ.
ತಾವಿಯಾ ಮುಟ್ಟಿದ. ಮತ್ತೆ ಮುಟ್ಟಿದ.
ನಂಬಿಕೆ ಬರಲು ಅವನಿಗೆ ಮೂರು ಸಲ ಬೇಕು.

ಶುಕ್ರವಾರ ನಮಾಜು ಮುಗಿಸಿ
ಇದ್ದ್ರಿಸು ಬಂದ, ಮುರಿದ ತಕ್ಕಡಿಯ ಕೊಕ್ಕೆ ಹಿಡಿದು.
ಕೇಬಲ್ಲು ನೋಡಿದ. ಗಂಟು ನೋಡಿದ.
ನನ್ನನ್ನು ನೋಡಲಿಲ್ಲ.
ಬೆಸೆದು ಕೊಟ್ಟೆ. ಎಷ್ಟು ಅಂದ.
ಹನ್ನೊಂದು ಕಿಲೋ ಅಂದೆ.
ನಕ್ಕ, ನಕ್ಕು ಅರ್ಧಕ್ಕಿಳಿಸಿದ, ಕೊಟ್ಟ.

ಈಗ ಸಂಜೆ ಬಾಗಿಲು ಹಾಕಿದ ಮೇಲೆ
ಕೇಬಲ್ಲು ನನ್ನ ಹೆಗಲೇರಿ ಟ್ರೋಟ್ರೋ ಹತ್ತುತ್ತದೆ.
ಅದಕ್ಕೂ ಒಂದು ಸೀಟಿನ ದುಡ್ಡು ಕೇಳುತ್ತಾನೆ
ಕಂಡಕ್ಟರು. ಕೊಡುತ್ತೇನೆ.