ಕೀಲಿಕೈ

ಕೌಲ್‌ಬಜಾರಿನ ಆಸ್ಪತ್ರೆಯಲ್ಲಿ ನನ್ನದು ಒಂದು ಕಿಟಕಿ,
ಒಂದು ಕಪಾಟು, ಅದಕ್ಕೆ ಹಿತ್ತಾಳೆ ಬೀಗ.
ಒಳಗೆ, ಮೂರನೆಯ ಹಲಗೆಯ ಮೂಲೆಯಲ್ಲಿ,
ಫಿನೋಬಾರ್ಬಿಟೋನ್.
ಮೈಗೆ ಬಣ್ಣವಿಲ್ಲ, ಅಂಚು ಸೀಮೆಸುಣ್ಣದಂತೆ ಉದುರುತ್ತದೆ.
ನಮ್ಮಜ್ಜನ ವಾರಿಗೆಯ ಗುಳಿಗೆ.
ಇದರ ಹೆಸರಿನ ಕ್ಯಾಲೆಂಡರನ್ನು ಯಾವ ಕಂಪನಿಯೂ ಹಂಚಿಲ್ಲ.
ಟೈ ಕಟ್ಟಿಕೊಂಡು ಬರುವ ಹುಡುಗರು
ಇದರ ಸುದ್ದಿ ಎತ್ತಿದರೆ ನಗುತ್ತಾರೆ:
"ಇನ್ನೂ ಐತಾ ಸಾರ್ ಅದು?"

ಐತೆ.

ಜಂಬಕ್ಕ ಬರುವುದು ತಿಂಗಳ ಮೊದಲ ಮಂಗಳವಾರ,
ಉಗುರಿನ ಸಂದಿಯಲ್ಲಿ ಜೀನ್ಸಿನ ನೀಲಿ.
ಜಿಪ್ ಹಚ್ಚುವವಳು, ಪೀಸಿಗೆ ಇಷ್ಟು ಎಂದು ಕೂಲಿ.
ಮೊದಲ ಸಲ ಬಂದಾಗ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು;
ಮಿಷನ್ ಓಡುತ್ತಿರುವಾಗಲೇ ಮೂರ್ಛೆ ಬಂದು
ಸೂಜಿ ಉಗುರು ದಾಟಿ ಹೋಗಿತ್ತು.
ಅವಳವ್ವ ಹನುಮಕ್ಕ ಸೆರಗಿನ ಗಂಟು ಬಿಚ್ಚಿ
ಒಂದು ಕೀಲಿಕೈ ಕಿಟಕಿಯ ಕಟ್ಟೆ ಮೇಲಿಟ್ಟಳು.
"ಹನ್ನೊಂದು ವರ್ಷ ಇದನ್ನೇ ಹಿಡಿಸೀನಪ್ಪಾ ಇವಳ ಕೈಯಾಗ.
ಇದರ ಬೀಗ ಎಲ್ಲೈತೋ ಗೊತ್ತಿಲ್ಲ."

ನಾನೇನು ಹೇಳಲಿ. ಚೀಟಿ ಓದಿದೆ,
ಮೂವತ್ತು ಎಣಿಸಿದೆ. ರಾತ್ರಿಗೊಂದು, ಬಿಡಬಾರದು,
ಬಿಟ್ಟರೆ ಮೊದಲಿಗಿಂತ ಜೋರಾಗಿ ಬರುತ್ತದೆ ಎಂದೆ.
ಅಂದದ್ದು ಅವಳಿಗೆ.
ಕೇಳಿಸಿಕೊಳ್ಳಬೇಕಾಗಿದ್ದದ್ದು ಜಿಲ್ಲಾ ಉಗ್ರಾಣ.

ಮೇ ತಿಂಗಳಲ್ಲಿ ಡಬ್ಬಿ ಖಾಲಿ.
ಇಂಡೆಂಟು ಹಾಕಿದೆ, ಮತ್ತೆ ಹಾಕಿದೆ,
"ಸಪ್ಲೈ ಇಲ್ಲ" ಎಂಬ ಎರಡು ಪದ ತಿರುಗಿ ಬಂದವು.
ಅಗ್ಗದ್ದಕ್ಕೆ ಟೆಂಡರು ಹಾಕುವವರೇ ಇಲ್ಲವಂತೆ,
ಲಾರಿ ಬಾಡಿಗೆಯೂ ಗಿಟ್ಟದಂತೆ.
ಹೊಸದು ಗಾಂಧಿನಗರದ ಅಂಗಡಿಯಲ್ಲಿದೆ, ಒಳ್ಳೆಯದೇ;
ಜಂಬಕ್ಕ ಬೆರಳು ಮಡಿಚಿ ಲೆಕ್ಕ ಹಾಕಿದಳು:
ದಿನಕ್ಕೆ ಒಂಬತ್ತು ಜಿಪ್ಪು ಆ ಗುಳಿಗೆಗೇ ಹೊಲಿಯಬೇಕು.

ಕುರುಗೋಡಿಗೆ ಫೋನು ಮಾಡಿದೆ.
ಅಲ್ಲಿಯ ಶರಣಮ್ಮ ತನ್ನ ಡಬ್ಬಿಯನ್ನು ಅರ್ಧ ಮಾಡಿ
ಕಂಡಕ್ಟರ್ ದಾದಾಪೀರನ ಬುತ್ತಿಚೀಲದಲ್ಲಿ ಕಳಿಸಿದಳು.
ಸಂಜೆ ಏಳಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಇಸಕೊಂಡೆ:
ಮೂರ್ಛೆ ಬಿದ್ದವರ ಮೂಗಿಗೆ ಉಳ್ಳಾಗಡ್ಡಿ ಹಿಡಿಯುವ ಊರಿಗೆ
ಉಳ್ಳಾಗಡ್ಡಿ ವಾಸನೆಯ ನೂರು ಗುಳಿಗೆ.
ಸ್ಟಾಕ್ ಪುಸ್ತಕದಲ್ಲಿ ಇದಕ್ಕೆ ಕಾಲಂ ಇಲ್ಲ.

ಹೊಗಳುತ್ತಿಲ್ಲ ನಾನು. ಮಂಪರು ತರುತ್ತದೆ.
ಮಧ್ಯಾಹ್ನದ ಹೊತ್ತಿಗೆ ಅವಳ ಹೊಲಿಗೆ ನಿಧಾನ,
ಮೇಸ್ತ್ರಿ ಬೈಯುತ್ತಾನೆ, ಪೀಸು ಕಮ್ಮಿ ಬೀಳುತ್ತವೆ.
"ಬೀಳೋದು ಪೀಸು ತಾನೇ ಸಾರ್,"
ಅಂದಳು ಹೋದ ತಿಂಗಳು, "ನಾನಲ್ಲವಲ್ಲ."

ಹನುಮಕ್ಕ ಕೀಲಿಕೈ ಒಯ್ಯಲು ಮರೆತಳೋ, ಬಿಟ್ಟೇ ಹೋದಳೋ.
ಯಾರೂ ಇಲ್ಲದ ಒಂದು ಮಧ್ಯಾಹ್ನ
ನನ್ನ ಕಪಾಟಿನ ಬೀಗಕ್ಕೆ ಹಾಕಿ ನೋಡಿದೆ.
ಹಿಡಿಯಲಿಲ್ಲ.
ಮೊಳೆಗೆ ತೂಗುಹಾಕಿದ್ದೇನೆ, ಫ್ಯಾನಿನ ಗಾಳಿಗೆ
ಗೋಡೆಗೆ ಬಡಿದು ಸದ್ದು ಮಾಡುತ್ತಿರುತ್ತದೆ.

ಡಬ್ಬಿಯಲ್ಲಿ ನಲವತ್ತೊಂದು ಉಳಿದಿವೆ.
ಬರುವವರು ಆರು ಮಂದಿ.
ನಾಳೆ ಮಂಗಳವಾರ.